ಜಾಝ್ ಕೇಳಲು ಎಲ್ಲಿಂದ ಆರಂಭಿಸಬೇಕು?

ಜಾಝ್ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ: ಕೇಳುವ ಆಸೆ ಇದೆ, ಆದರೆ ಎಲ್ಲಿಂದ ಆರಂಭಿಸುವುದು? ಇದರ ಜೊತೆಗೆ ಹಲವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಮೊದಲ ಒಂದು ನಿಮಿಷ ಮಟ್ಟು ಹಿತವಾಗಿತ್ತು, ಆಮೇಲೆ ವಾದಕರು ಎತ್ತಲೋ ಹೊರಟುಹೋದರು, ತಮಗೆ ಹಿಂಬಾಲಿಸಲು ಆಗಲಿಲ್ಲ ಎನ್ನುತ್ತಾರೆ. ನಿಜವಾದ ತೊಡಕು ಇರುವುದು ಈ ಎರಡನೆಯ ಮಾತಿನಲ್ಲಿ. ಮಟ್ಟು ಎಲ್ಲಿಗೂ ಹೋಗಿರುವುದಿಲ್ಲ. ಅದರ ಚೌಕಟ್ಟು ವಾದಕನ ಕಲ್ಪನೆಯ ಅಡಿಯಲ್ಲಿ ಮೊದಲಿನಷ್ಟೇ ಅಳತೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವ ಅಭ್ಯಾಸ ಕೈಗೂಡಿತೆಂದರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ.

ನಾನು ಸೂಚಿಸುವ ದಾರಿ ಸರಳವಾದದ್ದು. ಒಂದೇ ಒಂದು ಧ್ವನಿಮುದ್ರಿಕೆಯನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ; ಆಮೇಲೆ ಅದರಲ್ಲಿ ನುಡಿಸಿದವರ ಹೆಸರು ಹಿಡಿದು ಮುಂದಕ್ಕೆ ಹೋಗಿ. ಇತಿಹಾಸದ ಮೊದಲ ಪುಟದಿಂದ ಆರಂಭಿಸಿ ಕ್ರಮವಾಗಿ ಕೇಳುತ್ತ ಬರುವುದನ್ನಾಗಲಿ, "ಕೇಳಲೇಬೇಕಾದ ನೂರು ಆಲ್ಬಂಗಳು" ಎಂಬಂಥ ಪಟ್ಟಿಯನ್ನು ಒಂದೊಂದಾಗಿ ಮುಗಿಸುವುದನ್ನಾಗಲಿ ನಾನು ಸಲಹೆ ಮಾಡುವುದಿಲ್ಲ. ಪಟ್ಟಿ ಹಿಡಿದು ಕೇಳಿದವರಿಗೆ ಆಲ್ಬಂಗಳ ಹೆಸರು ನೆನಪಿರುತ್ತದೆ, ಸಂಗೀತ ನೆನಪಿರುವುದಿಲ್ಲ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು

ದಿನಕ್ಕೆ ಹತ್ತು ನಿಮಿಷಗಳ ನಿಶ್ಶಬ್ದ, ಒಂದು ನೋಟ್‌ಪುಸ್ತಕ, ಮತ್ತು ತಕ್ಕಮಟ್ಟಿಗೆ ಒಳ್ಳೆಯದಾದ ಹೆಡ್‌ಫೋನ್ ಅಥವಾ ಸ್ಪೀಕರ್ ಇದ್ದರೆ ಸಾಕು. ಮೂರನೆಯದರಲ್ಲಿ ಮಾತ್ರ ರಾಜಿ ಬೇಡ. ಜಾಝ್ ವಾದ್ಯವೃಂದದ ಬೆನ್ನೆಲುಬು ಡಬಲ್ ಬೇಸ್. ಆಳೆತ್ತರದ, ಬೆರಳುಗಳಿಂದ ಮೀಟುವ ಆ ತಂತಿವಾದ್ಯದ ಮಂದ್ರ ನಾದವು ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಬೇಸ್ ಕೇಳಿಸದ ಜಾಝ್ ಎಂದರೆ ನೆಲಗಟ್ಟಿಲ್ಲದ ಮನೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುವುದೂ ಬೇಡ. 1950 ಮತ್ತು 60ರ ದಶಕಗಳ ಸ್ಟೀರಿಯೋ ಮುದ್ರಣಗಳಲ್ಲಿ ಕೆಲವು ವಾದ್ಯಗಳನ್ನು ಪೂರ್ತಿ ಎಡಕ್ಕೆ, ಕೆಲವನ್ನು ಪೂರ್ತಿ ಬಲಕ್ಕೆ ಇರಿಸುತ್ತಿದ್ದರು. ಒಂದು ಕಿವಿ ಮುಚ್ಚಿದರೆ ಅರ್ಧ ತಂಡವೇ ಮಾಯವಾಗುತ್ತದೆ.

ಹಂತ 1: ಒಂದು ಕೃತಿ, ಒಂದು ವಾರ

ಆರಂಭಕ್ಕೆ ಮೈಲ್ಸ್ ಡೇವಿಸ್ ಅವರ "ಕೈಂಡ್ ಆಫ್ ಬ್ಲೂ" ಆಲ್ಬಂ ತೆಗೆದುಕೊಳ್ಳಿ. ಎಲ್ಲರೂ ಇದನ್ನೇ ಹೇಳುತ್ತಾರೆ ಎಂಬುದು ನಿಜ, ಆದರೆ ನಾನು ಹೇಳುವ ಕಾರಣ ಬೇರೆ: ಅದರಲ್ಲಿ ನುಡಿಸಿದ ಏಳು ಮಂದಿಯಲ್ಲಿ ಪ್ರತಿಯೊಬ್ಬರೂ ಬೇರೊಂದು ಲೋಕಕ್ಕೆ ಬಾಗಿಲು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ಕಂಪನಿಯ ಸ್ಟುಡಿಯೋದಲ್ಲಿ ಇದನ್ನು ಮುದ್ರಿಸಲಾಯಿತು. ಟ್ರಂಪೆಟ್ ಡೇವಿಸ್ ಅವರದು. ಆಲ್ಟೊ ಸ್ಯಾಕ್ಸೋಫೋನ್ ಕ್ಯಾನನ್‌ಬಾಲ್ ಆಡರ್ಲಿ, ಟೆನರ್ ಸ್ಯಾಕ್ಸೋಫೋನ್ ಜಾನ್ ಕೋಲ್ಟ್ರೇನ್, ಪಿಯಾನೋ ಬಿಲ್ ಎವಾನ್ಸ್, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. ಒಂದು ಕೃತಿಗೆ ಮಾತ್ರ ಪಿಯಾನೋದಲ್ಲಿ ವಿಂಟನ್ ಕೆಲ್ಲಿ ಇದ್ದಾರೆ.

ಇಡೀ ಆಲ್ಬಂ ಒಮ್ಮೆಗೇ ಬೇಡ. ಮೊದಲ ಕೃತಿ "ಸೋ ವಾಟ್" ಒಂದನ್ನೇ ಒಂದು ವಾರ ಕೇಳಿ. ಪಿಯಾನೋ ಮತ್ತು ಬೇಸ್ ತಡವರಿಸುತ್ತ ಮಾತನಾಡಿಕೊಂಡಂತೆ, ತಾಳದ ಕಟ್ಟಿಲ್ಲದೆ ಅದು ಆರಂಭವಾಗುತ್ತದೆ. ಆಮೇಲೆ ತಾಳ ಹಿಡಿಯುತ್ತದೆ, ಮಟ್ಟನ್ನು ಬೇಸ್ ನುಡಿಸುತ್ತದೆ. ಇದು ಆ ಕಾಲಕ್ಕೆ ಅಪರೂಪದ ಏರ್ಪಾಡು. ಬೇಸ್ ಒಂದು ಪ್ರಶ್ನೆ ಕೇಳಿದಂತೆ ನುಡಿದು ನಿಲ್ಲುತ್ತದೆ, ಪಿಯಾನೋ ಎರಡೇ ಹೊಡೆತಗಳಲ್ಲಿ ಉತ್ತರಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಎರಡು ಹೊಡೆತಗಳ ಉತ್ತರಕ್ಕೆ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್‌ಗಳು ದನಿಗೂಡಿಸುತ್ತವೆ. ಹೀಗೆ ಆರಂಭದಲ್ಲಿ ಬರುವ ಮೂಲ ಮಟ್ಟಿಗೆ ಜಾಝ್ ವಾದಕರು "ಹೆಡ್" ಎನ್ನುತ್ತಾರೆ. ಹೆಡ್ ಮುಗಿದು ಡೇವಿಸ್ ತಮ್ಮ ಸೋಲೋ, ಅಂದರೆ ಒಬ್ಬರೇ ಮುಂದೆ ನಿಂತು ಮನೋಧರ್ಮದಿಂದ ನುಡಿಸುವ ಭಾಗವನ್ನು, ಎತ್ತಿಕೊಳ್ಳುವ ಹೊತ್ತಿಗೆ ಕಾಬ್ ಅವರ ತಾಳದ ತಟ್ಟೆ ಒಮ್ಮೆ ಜೋರಾಗಿ ಮೊಳಗಿ, ಅದರ ಝೇಂಕಾರ ನಿಧಾನವಾಗಿ ಕರಗುತ್ತದೆ. ಆ ಒಂದು ಕ್ಷಣವನ್ನು ನಾಲ್ಕೈದು ಸಲ ಹಿಂದಕ್ಕೆ ಹಾಕಿ ಕೇಳಿ. ಅಲ್ಲಿಂದ ಮುಂದಿನದು ಬರೆದಿಟ್ಟ ಸಂಗೀತವಲ್ಲ, ಆಗಲೇ ಹುಟ್ಟುತ್ತಿರುವ ಸಂಗೀತ.

ಎಚ್ಚರಿಕೆ: ಬೇರೆ ಕೆಲಸ ಮಾಡುತ್ತ ಹಿನ್ನೆಲೆಯಲ್ಲಿ ಕೇಳಬೇಡಿ. ಈ ಆಲ್ಬಂ ಹಿತವಾಗಿರುವುದರಿಂದ ಹಿನ್ನೆಲೆಗೂ ಒಗ್ಗುತ್ತದೆ, ಅಪಾಯವೂ ಅಲ್ಲೇ ಇದೆ. ವರ್ಷಗಟ್ಟಲೆ ಹಾಗೆ ಕೇಳಿಯೂ ಒಂದು ಸೋಲೋ ನೆನಪಿಲ್ಲದವರು ಬಹಳ ಮಂದಿ ಇದ್ದಾರೆ.

ಹಂತ 2: ಎಣಿಸಲು ಕಲಿಯಿರಿ

ಇದು ಅತ್ಯಂತ ಮುಖ್ಯವಾದ ಹಂತ, ಬಹುಪಾಲು ಜನ ಬಿಟ್ಟುಬಿಡುವ ಹಂತವೂ ಹೌದು. ದಯವಿಟ್ಟು ಇದನ್ನು ದಾಟಿಹೋಗಬೇಡಿ.

ಜಾಝ್ ಕೃತಿಗಳಲ್ಲಿ ಹೆಚ್ಚಿನವು ಸುತ್ತುಗಳಲ್ಲಿ ನಡೆಯುತ್ತವೆ. ಸಾಮಾನ್ಯವಾಗಿ ನಾಲ್ಕು ಎಣಿಕೆಗೆ ಒಂದು "ಬಾರ್". ಇಂತಿಷ್ಟು ಬಾರ್‌ಗಳು ಸೇರಿ ಹೆಡ್‌ನ ಒಂದು ಪೂರ್ಣ ಆವರ್ತ. ಈ ಆವರ್ತಕ್ಕೆ "ಕೋರಸ್" ಎಂದು ಹೆಸರು; ಗುಂಪಾಗಿ ಹಾಡುವುದು ಎಂಬ ಅರ್ಥ ಇಲ್ಲಿಲ್ಲ. ಒಂದೊಂದು ಆವರ್ತದಲ್ಲೂ "ಕಾರ್ಡ್"ಗಳು, ಅಂದರೆ ಒಟ್ಟಿಗೆ ನುಡಿಯುವ ಮೂರೋ ನಾಲ್ಕೋ ಸ್ವರಗಳ ಗುಚ್ಛಗಳು, ಗೊತ್ತಾದ ಕ್ರಮದಲ್ಲಿ ಬದಲಾಗುತ್ತ ಹೋಗುತ್ತವೆ. ಸೋಲೋ ನುಡಿಸುವವರು ಹೆಡ್‌ನ ಸ್ವರಗಳನ್ನು ಬಿಟ್ಟರೂ ಆವರ್ತವನ್ನು ಬಿಡುವುದಿಲ್ಲ. ಆವರ್ತ ಮುಗಿದು ಮತ್ತೆ ಮೊದಲಿಗೆ ಬರುವ ಜಾಗವನ್ನು ತಂಡದ ಪ್ರತಿಯೊಬ್ಬರೂ ಬಲ್ಲರು. ನೀವೂ ಬಲ್ಲವರಾದರೆ ದಾರಿ ತಪ್ಪುವುದಿಲ್ಲ.

ಅಭ್ಯಾಸಕ್ಕೆ ಅದೇ ಆಲ್ಬಂನ ಎರಡನೆಯ ಕೃತಿ "ಫ್ರೆಡ್ಡಿ ಫ್ರೀಲೋಡರ್" ತೆಗೆದುಕೊಳ್ಳಿ. ವಿಂಟನ್ ಕೆಲ್ಲಿ ನುಡಿಸಿರುವುದು ಇದರಲ್ಲಿ. ಇದು 12 ಬಾರ್‌ಗಳ "ಬ್ಲೂಸ್" ರೂಪದಲ್ಲಿದೆ. ಬ್ಲೂಸ್ ಎಂದರೆ ಆಫ್ರಿಕನ್-ಅಮೆರಿಕನ್ನರ ಹಾಡಿನಿಂದ ಬಂದ, ನಾಲ್ಕು ನಾಲ್ಕು ಬಾರ್‌ಗಳ ಮೂರು ಸಾಲುಗಳುಳ್ಳ ಕಟ್ಟು. ಹೀಗೆ ಮಾಡಿ: ಹೆಡ್ ಬರುವಾಗ ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು ಎಂದು ಬಾರ್‌ನ ಸಂಖ್ಯೆಯನ್ನು ಮೊದಲ ಎಣಿಕೆಯಾಗಿಟ್ಟು 12ರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬನ್ನಿ. ಒಂದು ಆವರ್ತಕ್ಕೆ ಇಪ್ಪತ್ತು ಸೆಕೆಂಡುಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಪಿಯಾನೋ ಸೋಲೋ ಆರಂಭವಾದಾಗಲೂ ನಿಲ್ಲಿಸದೆ ಎಣಿಸುತ್ತ ಹೋಗಿ. ಎಣಿಕೆ ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಹಿಡಿಯಿರಿ.

ಎಣಿಕೆ ರೂಢಿಯಾದ ಮೇಲೆ ಅದನ್ನು ಬಿಟ್ಟುಬಿಡಿ. ಈಗ ಸೋಲೋ ನಡೆಯುತ್ತಿರುವಾಗಲೇ ಹೆಡ್ ಅನ್ನು ಮನಸ್ಸಿನಲ್ಲಿ ಗುನುಗಿಕೊಳ್ಳಿ. ಎರಡೆರಡು ಸ್ವರಗಳ ಸಣ್ಣ ತುಣುಕುಗಳಿಂದ ಆದ ಮಟ್ಟು ಅದು, ಗುನುಗಲು ಸುಲಭ. ನಿಮ್ಮ ಗುನುಗು ಮತ್ತು ವಾದಕನ ಹೊಸ ಕಲ್ಪನೆ ಎರಡೂ ಒಂದರ ಮೇಲೊಂದು ಕೂತು, ಒಂದೇ ಜಾಗದಲ್ಲಿ ತಿರುವು ಪಡೆಯುವುದು ಗೊತ್ತಾದ ದಿನ ಜಾಝ್ ನಿಮ್ಮದಾಯಿತು ಎಂದೇ ತಿಳಿಯಿರಿ. ನನಗೆ ಹಾಗೆ ಗೊತ್ತಾದದ್ದು ಇದೇ ಕೃತಿಯಲ್ಲಿ, ಸುಮಾರು ಮೂವತ್ತನೆಯ ಸಲ ಕೇಳುವಾಗ. ಆದ್ದರಿಂದ ಹತ್ತು ಸಲಕ್ಕೆ ಆಗದಿದ್ದರೆ ಕೈಬಿಡಬೇಡಿ.

ಇದು ಬಂದ ಮೇಲೆ "ಸೋ ವಾಟ್" ಕೃತಿಗೆ ಮರಳಿ. ಅಲ್ಲಿ ಆವರ್ತ 32 ಬಾರ್‌ಗಳದು, ಹತ್ತಿರ ಹತ್ತಿರ ಒಂದು ನಿಮಿಷ. ಮೊದಲ 16 ಬಾರ್‌ಗಳು ಒಂದೇ ಸ್ವರಶ್ರೇಣಿಯಲ್ಲಿರುತ್ತವೆ, ಮುಂದಿನ 8 ಬಾರ್‌ಗಳಿಗೆ ಎಲ್ಲವೂ ಅರ್ಧ ಸ್ವರದಷ್ಟು ಮೇಲೇರುತ್ತದೆ, ಕೊನೆಯ 8 ಬಾರ್‌ಗಳಿಗೆ ಮತ್ತೆ ಕೆಳಗಿಳಿಯುತ್ತದೆ. ಆ ಏರಿಕೆಯನ್ನು ಗುರುತಿಸಲು ಸಂಗೀತಶಾಸ್ತ್ರ ತಿಳಿದಿರಬೇಕಿಲ್ಲ, ಕೋಣೆಯ ಬೆಳಕು ಬದಲಾದಂತೆ ಅದು ಅನುಭವಕ್ಕೆ ಬರುತ್ತದೆ. ಡೇವಿಸ್, ಕೋಲ್ಟ್ರೇನ್, ಆಡರ್ಲಿ ಇದೇ ಕ್ರಮದಲ್ಲಿ ಎರಡೆರಡು ಆವರ್ತ ನುಡಿಸುತ್ತಾರೆ, ಎವಾನ್ಸ್ ಒಂದು. ಒಂದೇ ಅಳತೆಯ ಜಾಗದಲ್ಲಿ ಡೇವಿಸ್ ಎಷ್ಟು ಕಡಿಮೆ ಸ್ವರಗಳನ್ನು ಬಳಸುತ್ತಾರೆ, ಕೋಲ್ಟ್ರೇನ್ ಹೇಗೆ ಹುಡುಕಾಡುತ್ತ ತುಂಬಿಸುತ್ತಾರೆ, ಆಡರ್ಲಿ ಹೇಗೆ ನಗುನಗುತ್ತ ಓಡಾಡುತ್ತಾರೆ ಎಂಬುದನ್ನು ಹೋಲಿಸಿ, ಒಬ್ಬೊಬ್ಬರ ಬಗ್ಗೆ ಒಂದೊಂದು ವಾಕ್ಯ ನೋಟ್‌ಪುಸ್ತಕದಲ್ಲಿ ಬರೆಯಿರಿ. ಮೂವರಲ್ಲಿ ಯಾರ ಸೋಲೋ ಮತ್ತೆ ಮತ್ತೆ ಕೇಳಬೇಕೆನಿಸುತ್ತದೆಯೋ ಆ ಹೆಸರಿಗೆ ಗೆರೆ ಎಳೆದಿಡಿ. ಮುಂದೆ ಬೇಕಾಗುತ್ತದೆ.

ಹಂತ 3: ಒಮ್ಮೆಗೆ ಒಂದೇ ವಾದ್ಯ

ಈಗ ಸೋಲೋಗಳನ್ನು ಬಿಟ್ಟು, ಆರಂಭದಿಂದ ಕೊನೆಯವರೆಗೆ ಬೇಸ್ ಒಂದನ್ನೇ ಹಿಂಬಾಲಿಸಿ. ಎಣಿಕೆಗೊಂದು ಸ್ವರದಂತೆ ಹೆಜ್ಜೆ ಹಾಕುತ್ತ ಹೋಗುವ ಈ ನಡೆಗೆ "ವಾಕಿಂಗ್ ಬೇಸ್" ಎನ್ನುತ್ತಾರೆ. ಇನ್ನೊಂದು ದಿನ ಡ್ರಮ್ಸ್‌ನ ತಾಳದ ತಟ್ಟೆಯನ್ನು ಮಾತ್ರ ಕೇಳಿ. ಅಲ್ಲಿ ಒಂದು ಎಣಿಕೆ ಎರಡು ಸಮಭಾಗಗಳಾಗಿ ಒಡೆಯದೆ, ಮೊದಲ ಭಾಗ ಉದ್ದವಾಗಿಯೂ ಎರಡನೆಯದು ಗಿಡ್ಡವಾಗಿಯೂ ಬರುತ್ತದೆ. ಆ ತೂಗಾಟವೇ "ಸ್ವಿಂಗ್". ಚಪ್ಪಾಳೆ ತಟ್ಟುವುದಾದರೆ ಎರಡು ಮತ್ತು ನಾಲ್ಕನೆಯ ಎಣಿಕೆಗೆ ತಟ್ಟಿ. ಒಂದು ಮತ್ತು ಮೂರಕ್ಕೆ ತಟ್ಟಿದರೆ ಅದೇ ಸಂಗೀತ ಕವಾಯತಿನಂತೆ ಕೇಳಿಸತೊಡಗುತ್ತದೆ.

ಹಂತ 4: ಒಂದೇ ಹಾಡು, ಬೇರೆ ಬೇರೆ ಕಲಾವಿದರು

ಎಲ್ಲ ವಾದಕರೂ ಬಲ್ಲ, ತಲೆಮಾರುಗಳಿಂದ ನುಡಿಸುತ್ತ ಬಂದಿರುವ ಹಾಡುಗಳಿಗೆ "ಸ್ಟ್ಯಾಂಡರ್ಡ್" ಎಂದು ಹೆಸರು. ಇವುಗಳಲ್ಲಿ "ಬಾಡಿ ಅಂಡ್ ಸೋಲ್" ಎಂಬ 1930ರ ಹಾಡನ್ನು ಆರಿಸಿಕೊಳ್ಳಿ. ಮೊದಲು ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿದ್ದನ್ನು ಕೇಳಿ. ಮಾತು ಇರುವುದರಿಂದ ಮಟ್ಟು ನೆನಪಿನಲ್ಲಿ ನಿಲ್ಲುತ್ತದೆ. ಆದರೆ ಅವರು ತಾಳಕ್ಕಿಂತ ತುಸು ಹಿಂದೆ ಉಳಿದು, ಸಾಲನ್ನು ಎಳೆದು ಇಳಿಸುವ ರೀತಿಯನ್ನು ಗಮನಿಸಿ. ಹಾಡುಗಾರ್ತಿಯೂ ಮಟ್ಟನ್ನು ತಿದ್ದುತ್ತಲೇ ಇರುತ್ತಾರೆ. ಬಳಿಕ ಟೆನರ್ ಸ್ಯಾಕ್ಸೋಫೋನ್ ವಾದಕ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ಮುದ್ರಿಸಿದ್ದನ್ನು ಕೇಳಿ. ಮೊದಲ ಕೆಲವು ಬಾರ್‌ಗಳಲ್ಲಿ ಮಟ್ಟಿನ ಸುಳಿವು ಕೊಟ್ಟು, ಅಲ್ಲಿಂದಾಚೆ ಅವರು ಅದಕ್ಕೆ ಮರಳುವುದೇ ಇಲ್ಲ. ಎರಡು ಆವರ್ತಗಳ ಉದ್ದಕ್ಕೂ ಕಾರ್ಡ್‌ಗಳ ದಾರಿಯಲ್ಲಿ ತಮ್ಮದೇ ಹೊಸ ಹಾಡನ್ನು ಕಟ್ಟುತ್ತಾರೆ. ಕೊನೆಯದಾಗಿ ಕೋಲ್ಟ್ರೇನ್ 1960ರಲ್ಲಿ ನುಡಿಸಿದ್ದನ್ನು ಕೇಳಿ. ಮೂರರಲ್ಲೂ ನೀವು ಹೆಡ್ ಗುನುಗುತ್ತಿರಬೇಕು. ಅದು ಮೂರಕ್ಕೂ ಹೊಂದುತ್ತದೆ.

ಹಂತ 5: ಹೆಸರುಗಳ ಬೆನ್ನು ಹತ್ತಿ

ಜಾಝ್‌ನಲ್ಲಿ ಮುಖಪುಟದ ಮೇಲಿನ ಹೆಸರಿಗಿಂತ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರುಗಳು ಹೆಚ್ಚು ದಾರಿ ತೋರಿಸುತ್ತವೆ. ಮುಂದಾಳಿನ ಜೊತೆ ನುಡಿಸುವ ಇತರ ವಾದಕರಿಗೆ "ಸೈಡ್‌ಮನ್" ಎನ್ನುತ್ತಾರೆ. ಇಂದಿನ ಸೈಡ್‌ಮನ್ ನಾಳೆಯ ಮುಂದಾಳು, ಇಂದಿನ ಮುಂದಾಳು ಇನ್ನೊಬ್ಬರ ಆಲ್ಬಂನಲ್ಲಿ ಸೈಡ್‌ಮನ್. ಸಂಗೀತದ ಆ್ಯಪ್‌ಗಳು ಎಷ್ಟೋ ಸಲ ಈ ಹೆಸರುಗಳನ್ನು ತೋರಿಸುವುದಿಲ್ಲ, ಆದ್ದರಿಂದ ಅವುಗಳನ್ನು ಹುಡುಕಿ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವ ಶ್ರಮ ಪಡಿ.

ನೀವು ಗೆರೆ ಎಳೆದದ್ದು ಆಡರ್ಲಿ ಹೆಸರಿಗಾದರೆ 1958ರ "ಸಮ್‌ಥಿಂಗ್ ಎಲ್ಸ್" ಕೇಳಿ. ಅದರಲ್ಲಿ ಡೇವಿಸ್ ಸೈಡ್‌ಮನ್ ಆಗಿ ನುಡಿಸಿದ್ದಾರೆ, ಡ್ರಮ್ಸ್ ಆರ್ಟ್ ಬ್ಲೇಕಿ ಅವರದು. ಬ್ಲೇಕಿ ಹಿಡಿಸಿದರೆ ಅದೇ ವರ್ಷ ಅವರ ತಂಡ ಮುದ್ರಿಸಿದ "ಮೋನಿನ್" ಇದೆ. ಅದರ ಹೆಡ್‌ನಲ್ಲಿ ಪಿಯಾನೋ ಒಂದು ಸಾಲು ಹೇಳುತ್ತದೆ, ಉಳಿದವರು ಚರ್ಚಿನ ಸಭೆಯಂತೆ ಎರಡು ಸ್ವರಗಳಲ್ಲಿ ಅನುಮೋದಿಸುತ್ತಾರೆ. ಕೋಲ್ಟ್ರೇನ್ ಹಿಡಿಸಿದರೆ 1957ರ "ಬ್ಲೂ ಟ್ರೇನ್" ಮೊದಲು, ಕೆಲವು ತಿಂಗಳ ನಂತರ 1964ರ ಡಿಸೆಂಬರ್ 9ರಂದು ಮುದ್ರಣವಾದ "ಎ ಲವ್ ಸುಪ್ರೀಮ್". ನಾಲ್ಕು ಭಾಗಗಳ ಈ ಕೃತಿ ಅವರು ದೇವರಿಗೆ ಸಲ್ಲಿಸಿದ ಅರ್ಪಣೆ. ಅದನ್ನು ಒಂದೇ ಪಟ್ಟಿಗೆ, ಮಧ್ಯೆ ಎದ್ದುಹೋಗದೆ ಕೇಳಬೇಕು.

ಬಿಲ್ ಎವಾನ್ಸ್ ಅವರ ಪಿಯಾನೋ ಹಿಡಿಸಿದವರಿಗೆ ನಾನು ಎರಡು ಮಾತು ಹೆಚ್ಚಾಗಿ ಹೇಳಬೇಕು. 1961ರ ಜೂನ್ 25ರಂದು, ನ್ಯೂಯಾರ್ಕಿನ ನೆಲಮಾಳಿಗೆಯ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ, ಬೇಸ್ ವಾದಕ ಸ್ಕಾಟ್ ಲಫಾರೊ ಮತ್ತು ಡ್ರಮ್ಸ್ ವಾದಕ ಪಾಲ್ ಮೋಷನ್ ಜೊತೆ ಅವರು ನುಡಿಸಿದ್ದನ್ನು ಮುದ್ರಿಸಿಕೊಳ್ಳಲಾಯಿತು. ಗಾಜಿನ ಲೋಟಗಳ ಸದ್ದು, ಮಾತುಕತೆಯ ಗುಜುಗುಜು ಎಲ್ಲವೂ ಅದರಲ್ಲಿ ಕೇಳಿಸುತ್ತದೆ. ಅಲ್ಲಿ ಬೇಸ್ ಹೆಜ್ಜೆ ಹಾಕುವ ಕೆಲಸವನ್ನು ಬಿಟ್ಟು ಪಿಯಾನೋದೊಂದಿಗೆ ಸರಿಸಮನಾಗಿ ಸಂವಾದಕ್ಕಿಳಿಯುತ್ತದೆ. ಹನ್ನೊಂದು ದಿನಗಳ ನಂತರ ಲಫಾರೊ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ. ಮೂರನೆಯ ಹಂತವನ್ನು ಬಿಡದೆ ಮಾಡಿದವರಿಗೆ ಅವರ ಬೆರಳುಗಳು ಏನು ಮಾಡುತ್ತಿವೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಹೆಸರುಗಳ ಬೆನ್ನು ಹತ್ತಿದಾಗ ಆ ಕಲಾವಿದರು ಬದುಕಿದ ಕಾಲವೂ ಎದುರಾಗುತ್ತದೆ. "ಕೈಂಡ್ ಆಫ್ ಬ್ಲೂ" 1959ರ ಆಗಸ್ಟ್ 17ರಂದು ಬಿಡುಗಡೆಯಾಯಿತು. ಎಂಟು ದಿನಗಳ ನಂತರ, ತಾವೇ ನುಡಿಸುತ್ತಿದ್ದ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ ನಿಂತಿದ್ದ, ಆಫ್ರಿಕನ್-ಅಮೆರಿಕನ್ನರಾದ ಡೇವಿಸ್ ಅವರನ್ನು ಪೊಲೀಸರು ತಲೆಯಿಂದ ರಕ್ತ ಸುರಿಯುವಂತೆ ಹೊಡೆದು ಬಂಧಿಸಿದರು. ಆ ಆಲ್ಬಂನ ಶಾಂತಿಯನ್ನು ಮೆಚ್ಚುವವರು ಅದು ಎಂಥ ಊರಿನಲ್ಲಿ ಹುಟ್ಟಿತು ಎಂಬುದನ್ನೂ ತಿಳಿದಿರಬೇಕು.

ಎಚ್ಚರಿಕೆ: ಮರುಮುದ್ರಣಗಳಲ್ಲಿ ಒಂದೇ ಕೃತಿ ಎರಡು ಮೂರು ಸಲ ಸಾಲಾಗಿ ಬರುವುದುಂಟು. ಇವು "ಆಲ್ಟರ್ನೇಟ್ ಟೇಕ್"ಗಳು, ಅಂದರೆ ಆ ದಿನ ನುಡಿಸಿ ಆಗ ಬಳಸದೆ ಬಿಟ್ಟ ಪ್ರಯತ್ನಗಳು. ಆಲ್ಬಂ ನಿಮಗೆ ಚೆನ್ನಾಗಿ ಪರಿಚಯವಾಗುವವರೆಗೆ ಅವುಗಳನ್ನು ಬದಿಗಿಡಿ.

ಹಂತ 6: ಹಿಂದಕ್ಕೆ, 1928ಕ್ಕೆ

ಈಗ ಹಳೆಯ ಮುದ್ರಣಗಳತ್ತ ತಿರುಗಿ. ಮೊದಲೇ ಇಲ್ಲಿಂದ ಆರಂಭಿಸಿದವರು ಗರಗರ ಸದ್ದಿಗೆ ಹೆದರಿ ಬಿಡುತ್ತಾರೆ. ಐದು ಹಂತ ದಾಟಿ ಬಂದವರ ಕಿವಿ ಆ ಸದ್ದಿನ ಹಿಂದಕ್ಕೆ ಹೋಗಬಲ್ಲದು. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳಿಗಷ್ಟೇ ಜಾಗವಿತ್ತು, ಆದ್ದರಿಂದ ವ್ಯರ್ಥ ಸ್ವರಕ್ಕೆ ಎಡೆಯೇ ಇಲ್ಲ.

ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್ 28ರಂದು ಷಿಕಾಗೋದಲ್ಲಿ ಮುದ್ರಿಸಿದ "ವೆಸ್ಟ್ ಎಂಡ್ ಬ್ಲೂಸ್" ಹಾಕಿ. ಇದೂ ನೀವು ಎಣಿಸಲು ಕಲಿತ ಅದೇ 12 ಬಾರ್‌ಗಳ ಬ್ಲೂಸ್. ಆದರೆ ಅದಕ್ಕೂ ಮೊದಲು ಯಾವ ಪಕ್ಕವಾದ್ಯವೂ ಇಲ್ಲದೆ ಟ್ರಂಪೆಟ್ ಒಂದೇ ನಾಲ್ಕು ಸ್ವರಗಳನ್ನು ಗಟ್ಟಿಯಾಗಿ ಊರಿ, ಮೇಲಕ್ಕೆ ಚಿಮ್ಮಿ, ಸುರುಳಿ ಸುರುಳಿಯಾಗಿ ಕೆಳಗಿಳಿಯುತ್ತದೆ. ಹತ್ತು ಹನ್ನೆರಡು ಸೆಕೆಂಡುಗಳ ಈ ಆರಂಭವನ್ನು ಕೇಳಿದ ಮೇಲೆ ಜಾಝ್ ಏಕೆ ಒಬ್ಬೊಬ್ಬ ವಾದಕನ ಕಲೆಯಾಯಿತು ಎಂದು ಯಾರೂ ವಿವರಿಸಬೇಕಾಗಿಲ್ಲ. ನಡುವೆ ಆರ್ಮ್‌ಸ್ಟ್ರಾಂಗ್ ಮಾತಿಲ್ಲದ ಅಕ್ಷರಗಳಲ್ಲಿ ಹಾಡುತ್ತ ಕ್ಲಾರಿನೆಟ್‌ಗೆ ಉತ್ತರ ಕೊಡುತ್ತಾರೆ; ಈ ಬಗೆಯ ಹಾಡಿಕೆಗೆ "ಸ್ಕ್ಯಾಟ್" ಎಂದು ಹೆಸರು. ಕೊನೆಯ ಆವರ್ತದಲ್ಲಿ ಒಂದೇ ತಾರಸ್ವರವನ್ನು ನಾಲ್ಕು ಬಾರ್‌ಗಳಷ್ಟು ಹೊತ್ತು ಹಿಡಿದಿಟ್ಟು, ಆಮೇಲೆ ಒಡೆದು ಚೆಲ್ಲುತ್ತಾರೆ.

ಸ್ಕ್ಯಾಟ್ ಹಿಡಿಸಿದರೆ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ 1960ರಲ್ಲಿ ಬರ್ಲಿನ್‌ನಲ್ಲಿ ನೀಡಿದ ಕಛೇರಿಯ ಮುದ್ರಣ ನಿಮಗಾಗಿ ಕಾದಿದೆ. "ಮ್ಯಾಕ್ ದ ನೈಫ್" ಹಾಡುವಾಗ ಸಾಹಿತ್ಯ ಮರೆತುಹೋಗಿ, ಮರೆತದ್ದನ್ನೇ ಸಾಹಿತ್ಯ ಮಾಡಿಕೊಂಡು ಆವರ್ತ ತಪ್ಪದೆ ಮುಗಿಸುತ್ತಾರೆ.

ಹಂತ 7: ಕಷ್ಟದ ಸಂಗೀತ

1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮೊದಲಾದವರು ರೂಪಿಸಿದ "ಬೀಬಾಪ್" ಶೈಲಿ ಅತಿ ವೇಗದ್ದು, ಮೊದಲು ಕೇಳುವಾಗ ಸ್ವರಗಳ ಮಳೆಯಂತೆ ತೋರುತ್ತದೆ. ನಿಧಾನಗತಿಯ ಕೃತಿಗಳಿಂದ ಆರಂಭಿಸಿ, ಬಳಿಕ ಪಾರ್ಕರ್ ಅವರ 1945ರ "ಕೋಕೋ" ಕೇಳಿ. ಅಲ್ಲಿ ಪ್ರತಿ ಎಣಿಕೆಯನ್ನೂ ಎಣಿಸಲು ಹೋದರೆ ಉಸಿರು ಕಟ್ಟುತ್ತದೆ. ಎರಡು ಬಾರ್‌ಗಳಿಗೊಮ್ಮೆ ತಟ್ಟಿ. ಆವರ್ತದ ಕಟ್ಟನ್ನೇ ಸಡಿಲಿಸಿದ ಆರ್ನೆಟ್ ಕೋಲ್ಮನ್ ಅವರ 1959ರ "ದ ಶೇಪ್ ಆಫ್ ಜಾಝ್ ಟು ಕಮ್" ಅದರ ನಂತರದ್ದು. ಕೋಲ್ಟ್ರೇನ್ 1965ರಲ್ಲಿ ಮುದ್ರಿಸಿದ "ಅಸೆನ್ಷನ್" ಇನ್ನೂ ಮುಂದಿನದು. ಇದರಿಂದಲೇ ಆರಂಭಿಸಿ ಜಾಝ್ ಎಂದರೆ ಗದ್ದಲ ಎಂದು ತೀರ್ಮಾನಿಸಿದವರು ಅನೇಕರು. ಹಿಡಿಸದಿದ್ದರೆ ಸಂಕೋಚವಿಲ್ಲದೆ ಬಿಡಿ, ಒಂದು ವರ್ಷದ ನಂತರ ಮತ್ತೊಮ್ಮೆ ಕೇಳಿ ನೋಡಿ.

ಹಂತ 8: ಎದುರಿಗೆ ಕುಳಿತು

ಅವಕಾಶ ಸಿಕ್ಕಿದಾಗ ಕಛೇರಿಗೆ ಹೋಗಿ, ಡ್ರಮ್ಸ್ ಮತ್ತು ಬೇಸ್ ಎರಡೂ ಕಾಣುವ ಜಾಗದಲ್ಲಿ ಕುಳಿತುಕೊಳ್ಳಿ. ಕೃತಿಯ ನಡುವೆಯೇ ಒಂದೊಂದು ಸೋಲೋ ಮುಗಿದಾಗ ಚಪ್ಪಾಳೆ ತಟ್ಟುವುದು ವಾಡಿಕೆ. ಬೇಸ್ ಸೋಲೋ ಬಂದಾಗ ಉಳಿದವರು ದನಿ ತಗ್ಗಿಸುತ್ತಾರೆ. ಪ್ರೇಕ್ಷಕರು ಮಾತಿಗಿಳಿಯುವುದೂ ದುರದೃಷ್ಟವಶಾತ್ ಅದೇ ಹೊತ್ತಿಗೆ, ನೀವು ಹಾಗೆ ಮಾಡಬೇಡಿ. ಡ್ರಮ್ಸ್ ವಾದಕನೂ ಇತರರೂ ನಾಲ್ಕು ನಾಲ್ಕು ಬಾರ್‌ಗಳನ್ನು ಸರದಿಯಂತೆ ಹಂಚಿಕೊಂಡು ನುಡಿಸಿದರೆ ಅದು "ಟ್ರೇಡಿಂಗ್ ಫೋರ್ಸ್". ಕೃತಿ ಮುಗಿಯುವ ಸೂಚನೆ ಸಾಮಾನ್ಯವಾಗಿ ಅದು. ಆಗ ಮುಂದಾಳಿನ ಕೈಯನ್ನು ಗಮನಿಸುತ್ತಿರಿ: ಆತ ತನ್ನ ತಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರೆ, ಈ ಆವರ್ತ ಮುಗಿದೊಡನೆ ಎಲ್ಲರೂ ಹೆಡ್‌ಗೆ ಮರಳಬೇಕು ಎಂದು ತಂಡಕ್ಕೆ ಹೇಳುತ್ತಿದ್ದಾನೆ. ಅಷ್ಟು ಹೊತ್ತೂ ನೀವು ಮನಸ್ಸಿನಲ್ಲಿ ಗುನುಗುತ್ತಿದ್ದರೆ, ಅವರೆಲ್ಲ ಒಟ್ಟಿಗೆ ಉಸಿರೆಳೆದುಕೊಳ್ಳುವ ಜಾಗದಲ್ಲೇ ನೀವೂ ಇರುತ್ತೀರಿ.